ಕಡತದ ನೆತ್ತಿಯ ಮೇಲೆ ಯಾರ ಹೆಸರು?

ಹೊಸದುರ್ಗದ ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆ ಜೋಡಿಸುವ ಹುಡುಗಿಯ ಬೆರಳುಗಳನ್ನು ನೋಡಿ. ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಟಿಪ್ಪಣಿ ಟೈಪಿಸುವ ಗುಮಾಸ್ತರ ಬೆರಳುಗಳನ್ನು ನೋಡಿ. ‘ಚಿತ್ರದುರ್ಗ’ ಎಂದು ಬರೆಯಲು ಇಬ್ಬರೂ ಒತ್ತುವುದು ಅದೇ ಹತ್ತು ಕೀಲಿಗಳನ್ನು: ಸಿ, ಐ, ಟಿ, ಎಫ್, ಆರ್, ಡಿ, ಯು, ಆರ್, ಎಫ್, ಜಿ. ‘ಸಿ’ ಒತ್ತಿದರೆ ಚ, ಜತೆಗೆ ‘ಐ’ ಬಿದ್ದರೆ ಚಿ. ‘ಎಫ್’ ಎಂಬುದು ಕೊಂಡಿ. ಅದು ತ ಮತ್ತು ರ ನಡುವೆ ಬಂದರೆ ತ್ರ ಆಗುತ್ತದೆ, ರ ಮತ್ತು ಗ ನಡುವೆ ಬಂದರೆ ಗಕಾರದ ಮಗ್ಗುಲಲ್ಲಿ ಅರ್ಕಾವತ್ತು ಬಂದು ಕೂರುತ್ತದೆ. ಮಹಾಪ್ರಾಣ ಬೇಕಾದರೆ ಶಿಫ್ಟ್. ಕನ್ನಡದ ಇಡೀ ಕಾಗುಣಿತ, ಅಷ್ಟೂ ಒತ್ತಕ್ಷರಗಳು 26 ಇಂಗ್ಲಿಷ್ ಕೀಲಿಗಳ ಮೇಲೆ ಎಷ್ಟು ಸಲೀಸಾಗಿ ಹೊಂದಿಕೊಂಡಿವೆಯೆಂದರೆ, ಇದನ್ನು ಒಬ್ಬರು ಕೂತು ಯೋಚಿಸಿ ಮಾಡಿದ್ದಾರೆ ಎಂಬುದೇ ಮರೆತುಹೋಗುತ್ತದೆ.

ಯೋಚಿಸಿದವರು ಕೆ.ಪಿ. ರಾವ್. ಕಿನ್ನಿಕಂಬಳ ಪದ್ಮನಾಭ ರಾವ್. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಅಧ್ಯಯನಕ್ಕೆ ಕಂಪ್ಯೂಟರಿನ ನೆರವು ಕೊಟ್ಟು, ಭಾರತೀಯ ಲಿಪಿಗಳ ಮುದ್ರಣವನ್ನು ಕಂಪ್ಯೂಟರಿಗೆ ತಂದವರಲ್ಲಿ ಒಬ್ಬರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ. ತಮ್ಮ ಕೆಲಸಕ್ಕೆ ಇನ್ನೊಬ್ಬರ ಹೆಸರಿಟ್ಟು, ಅದನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟವರು ಅವರು. ಅವರ ಕೀಲಿಮಣೆ ವಿನ್ಯಾಸವನ್ನೇ ಆಧರಿಸಿದ ವಿನ್ಯಾಸ ಮುಂದೆ ರಾಜ್ಯ ಸರ್ಕಾರದ ಅಧಿಕೃತ ವಿನ್ಯಾಸವಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯ ಮೂಲಕ ತಾಲ್ಲೂಕು ತಾಲ್ಲೂಕಿಗೂ ತಲುಪಿತು.

ಇನ್ನು ಹೆಸರಿನ ಕಥೆಗೆ ಬನ್ನಿ. ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಟೈಪಿಂಗ್ ಕಲಿತವರನ್ನು ಕೇಳಿದರೆ ಇದು ‘ನುಡಿ ಕೀಲಿಮಣೆ’. ಲಿನಕ್ಸ್ ಕಂಪ್ಯೂಟರಿನ ಸೆಟ್ಟಿಂಗ್ಸ್‌ಗೆ ಹೋದರೆ ಕನ್ನಡದ ಸಾಲಿನಲ್ಲಿ ಇದು ‘ಕಗಪ’, ಅಂದರೆ ಕನ್ನಡ ಗಣಕ ಪರಿಷತ್ತು. ಅದೇ ಪಟ್ಟಿಯಲ್ಲಿ ಹಿಂದಿಗೆ, ಮರಾಠಿಗೆ, ತೆಲುಗಿಗೆ, ಸಂಸ್ಕೃತಕ್ಕೂ ಕಗಪ ವಿನ್ಯಾಸಗಳಿವೆ. ಕನ್ನಡಕ್ಕಾಗಿ ಹೊಳೆದ ಒಂದು ಯೋಚನೆ ಉಳಿದ ಭಾಷೆಗಳಿಗೂ ದಾರಿಯಾಗಿದೆ. ವಿಕಿಪೀಡಿಯದಲ್ಲಿ ಕನ್ನಡ ಬರೆಯುವ ಸೌಲಭ್ಯವನ್ನು ತೆರೆದರೆ ಮಾತ್ರ ಒಂದೇ ಸಾಲಿನಲ್ಲಿ ಮೂರು ಹೆಸರುಗಳಿವೆ: ಕೆಜಿಪಿ, ನುಡಿ, ಕೆ.ಪಿ. ರಾವ್. ಮೂರು ಕಡೆಯ ಹೆಸರೂ ಸುಳ್ಳಲ್ಲ. ಹರಡಿದ ಸಂಸ್ಥೆಯ ಹೆಸರೂ ಬೇಕು, ಜನರ ಬಾಯಲ್ಲಿ ನಿಂತ ಹೆಸರೂ ಬೇಕು. ಆದರೆ ಮಾಡಿದವರ ಹೆಸರು ಉಳಿದಿರುವುದು ವಿಕಿಪೀಡಿಯದ ಸಾಲಿನಲ್ಲಿ ಮಾತ್ರ. ಅದನ್ನು ಬರೆದ ಸ್ವಯಂಸೇವಕರಿಗೆ ಕನ್ನಡಿಗರು ಕೃತಜ್ಞರಾಗಿರಬೇಕು.

ಇಲ್ಲಿ ಕಾನೂನು ಹೆಚ್ಚು ನೆರವಿಗೆ ಬರುವುದಿಲ್ಲ. ಹಕ್ಕುಸ್ವಾಮ್ಯ ಕಾಯುವುದು ಬರೆದ ಕೋಡನ್ನು, ಕಟ್ಟಿದ ವಾಕ್ಯವನ್ನು. ‘ಎಫ್ ಒತ್ತಿದರೆ ಒತ್ತಕ್ಷರ’ ಎಂಬ ಉಪಾಯಕ್ಕೆ ಅದರ ಕಾವಲಿಲ್ಲ. ಆದ್ದರಿಂದ ಕೆ.ಪಿ. ರಾವ್ ಹೆಸರು ಹೇಳುವುದೂ ಬಿಡುವುದೂ ನಮ್ಮ ಮರ್ಯಾದೆಗೆ ಬಿಟ್ಟ ವಿಷಯ. 2013ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ಗೌರವವೇನೋ ಸಂದಿತು, ಆದರೆ ಪ್ರಶಸ್ತಿ ಸಮಾರಂಭ ಒಂದು ದಿನದ್ದು, ಸೆಟ್ಟಿಂಗ್ಸ್ ಪಟ್ಟಿ ದಿನನಿತ್ಯದ್ದು.

ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ಯಾರ ಹೆಸರು ಹಾಕಬೇಕೆಂಬ ಪ್ರಶ್ನೆ ಬಹಳ ಹಳೆಯದು, ಬಹಳ ಬಿಸಿಯದೂ ಹೌದು. ಸೋರ್ಸ್ ಕೋಡಿನ ಕಡತದ ನೆತ್ತಿಯ ಮೇಲೆ ಸಾಮಾನ್ಯವಾಗಿ ಕೆಲವು ಸಾಲುಗಳಿರುತ್ತವೆ: ಹಕ್ಕುಸ್ವಾಮ್ಯ ಯಾರದು, ಯಾವ ವರ್ಷ, ಯಾವ ಲೈಸೆನ್ಸ್. ಒಂದು ಕಡತಕ್ಕೆ ನೂರು ಜನ ಕೈಹಾಕಿದ್ದರೆ ಆ ಸಾಲಿನಲ್ಲಿ ಯಾರಿರಬೇಕು? ಮೊದಲು ಬರೆದವರೇ? ಹೆಚ್ಚು ಬರೆದವರೇ? ಸಂಬಳ ಕೊಟ್ಟ ಕಂಪನಿಯೇ? ಒಂದು ಅಲ್ಪವಿರಾಮ ತಿದ್ದಿದವರೂ ಇರಬೇಕೇ?

ಎಲ್ಲರ ಹೆಸರನ್ನೂ ಎಲ್ಲ ಕಡೆಯೂ ಹಾಕಿ ಎಂದು ಹೊರಟರೆ ಏನಾಗುತ್ತದೆಂಬುದಕ್ಕೆ ಬರ್ಕಲಿಯ ಕಥೆ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಬಿಎಸ್‌ಡಿ ತಂತ್ರಾಂಶದ ಲೈಸೆನ್ಸಿನಲ್ಲಿ ಒಂದು ಷರತ್ತು ಹಾಕಿತ್ತು. ಈ ತಂತ್ರಾಂಶದ ವೈಶಿಷ್ಟ್ಯವನ್ನು ಪ್ರಸ್ತಾಪಿಸುವ ಯಾವುದೇ ಜಾಹೀರಾತಿನಲ್ಲಿ ವಿಶ್ವವಿದ್ಯಾಲಯದ ಕೊಡುಗೆಯನ್ನು ನೆನೆಯುವ ಒಂದು ವಾಕ್ಯ ಇರಲೇಬೇಕು. ಒಂದು ವಾಕ್ಯ ತಾನೇ? ಆದರೆ ಅದನ್ನು ನೋಡಿ ಬೇರೆಯವರೂ ವಿಶ್ವವಿದ್ಯಾಲಯದ ಹೆಸರಿದ್ದ ಕಡೆ ತಂತಮ್ಮ ಹೆಸರು ಸೇರಿಸಿ ಅದೇ ಷರತ್ತು ಹಾಕತೊಡಗಿದರು. ನೆಟ್‌ಬಿಎಸ್‌ಡಿಯ 1997ರ ಒಂದು ಆವೃತ್ತಿಯಲ್ಲಿ ಇಂಥ 75 ವಾಕ್ಯಗಳಿದ್ದವು ಎಂದು ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಎಣಿಸಿ ತೋರಿಸಿದರು. ಜಾಹೀರಾತಿನ ಜಾಗವೆಲ್ಲ ಕೃತಜ್ಞತೆಗೇ ಬೇಕು! ಕೊನೆಗೆ 1999ರ ಜುಲೈನಲ್ಲಿ ವಿಶ್ವವಿದ್ಯಾಲಯವೇ ಆ ಷರತ್ತನ್ನು ಕೈಬಿಟ್ಟಿತು.

ಇನ್ನೊಂದು ತುದಿಯಲ್ಲಿ, ಹಕ್ಕೆಲ್ಲ ಒಂದೇ ಕಡೆ ಇರಲಿ ಎಂಬ ದಾರಿ. ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ತನ್ನ ಮುಖ್ಯ ಯೋಜನೆಗಳಿಗೆ ಕೋಡ್ ಕೊಡುವವರಿಂದ ಹಕ್ಕುಸ್ವಾಮ್ಯವನ್ನೇ ಬರೆಸಿಕೊಳ್ಳುತ್ತ ಬಂದಿದೆ. ನ್ಯಾಯಾಲಯಕ್ಕೆ ಹೋಗಬೇಕಾದಾಗ ಒಬ್ಬರೇ ಹಕ್ಕುದಾರರಿದ್ದರೆ ವಾದ ಸುಲಭ ಎಂಬುದು ಅದರ ಲೆಕ್ಕ. ಆದರೆ ನಾನು ಬರೆದದ್ದನ್ನು ಬರೆದುಕೊಟ್ಟುಬಿಡುವುದು ಹಲವರಿಗೆ ರುಚಿಸಲಿಲ್ಲ. 2021ರಲ್ಲಿ ಜಿಸಿಸಿ ಕಂಪೈಲರ್ ಯೋಜನೆ ಈ ಕಡ್ಡಾಯವನ್ನು ತೆಗೆದುಹಾಕಿತು. ಈಗ ಹೆಚ್ಚಿನ ಯೋಜನೆಗಳು ನಡುದಾರಿ ಹಿಡಿದಿವೆ. ಗೂಗಲ್ ಫಾಂಟ್ಸ್‌ಗೆ ಹೊಸ ಅಕ್ಷರಶೈಲಿ ಸೇರಬೇಕಾದರೆ ಹಕ್ಕುಸ್ವಾಮ್ಯದ ಸಾಲಿನಲ್ಲಿ ‘ಇಂಥ ಯೋಜನೆಯ ಕರ್ತೃಗಳು’ ಎಂದು ಬರೆದು, ಕೋಡ್ ಸಂಗ್ರಹದ ವಿಳಾಸ ಕೊಡಬೇಕು. ಕರ್ತೃಗಳು ಯಾರೆಂಬ ಪಟ್ಟಿ ಆ ಸಂಗ್ರಹದಲ್ಲಿ ಬೇರೆ ಕಡತವಾಗಿ ಇರುತ್ತದೆ. ಕನ್ನಡದ ‘ಅಕಾಯ ಕನಡಕ’ ಅಕ್ಷರಗಳನ್ನು ಬಿಡಿಸಿದ ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಹೆಸರುಗಳು ಫಾಂಟಿನ ಪುಟದಲ್ಲೇ ಎದ್ದು ಕಾಣುತ್ತವೆ. ಇದು ಒಳ್ಳೆಯ ಪದ್ಧತಿ. ಕಡತದ ನೆತ್ತಿ ಹಗುರವಾಗಿರಲಿ, ಹೆಸರುಗಳಿಗೊಂದು ಖಾಯಂ ಜಾಗವಿರಲಿ.

ಆದರೆ ‘ಕರ್ತೃಗಳು’ ಎಂಬ ಸಾಮೂಹಿಕ ಹೆಸರಿಗೆ ನಾನು ಒಪ್ಪುವುದು ಆ ಎರಡನೇ ಕಡತ ಇದ್ದರೆ ಮಾತ್ರ. ಪಟ್ಟಿಯೇ ಇಲ್ಲದ ‘ಕರ್ತೃಗಳು’ ಅಂದರೆ ಯಾರೂ ಅಲ್ಲ ಎಂದೇ ಅರ್ಥ. ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಎಲ್ಲರ ಹೆಸರೂ ಇದೆಯಲ್ಲ, ಬೇರೆ ಪಟ್ಟಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಯಾರೋ ಕೋಡನ್ನು ಜಿಪ್ ಮಾಡಿ ಇಳಿಸಿಕೊಂಡು ಬೇರೆಲ್ಲೋ ಇಟ್ಟ ಕ್ಷಣ ಆ ಇತಿಹಾಸ ಹಿಂದೆಯೇ ಉಳಿಯುತ್ತದೆ. ಒಂದು ಸಂಗ್ರಹದಿಂದ ಇನ್ನೊಂದಕ್ಕೆ ಸಾಗಿಸುವಾಗ ಎಲ್ಲ ಬದಲಾವಣೆಗಳನ್ನೂ ಹಿಂಡಿ ಒಂದೇ ಕಮಿಟ್ ಮಾಡುವುದೂ ಉಂಟು. ಆಗ ಹತ್ತು ವರ್ಷದ ಕೆಲಸ ಸಾಗಿಸಿದವರೊಬ್ಬರ ಹೆಸರಿಗೆ ಬೀಳುತ್ತದೆ.

ಕನ್ನಡಕ್ಕೆ ಈ ನಷ್ಟ ಹೆಚ್ಚಾಗಿ ತಟ್ಟುವುದು ಅನುವಾದದ ಕಡತಗಳಲ್ಲಿ. ಲಿನಕ್ಸಿನ ಮೆನುಗಳು, ಎಚ್ಚರಿಕೆಗಳು, ಸಹಾಯದ ಮಾತುಗಳು ಕನ್ನಡದಲ್ಲಿ ಕಾಣಬೇಕಾದರೆ ಯಾರೋ ಒಬ್ಬರು ಕೂತು ಒಂದೊಂದು ಸಾಲನ್ನೂ ಕನ್ನಡಕ್ಕೆ ತರಬೇಕು. ಆ ಕಡತವನ್ನು ಪಿಒ ಕಡತ ಎನ್ನುತ್ತಾರೆ. ಅದರ ತಲೆಭಾಗ ಅಚ್ಚುಹಾಕಿದ ಅರ್ಜಿಯ ಹಾಗೆ ಬರುತ್ತದೆ: ಇಲ್ಲಿ ವರ್ಷ ಬರೆಯಿರಿ, ಇಲ್ಲಿ ಹಕ್ಕುದಾರರ ಹೆಸರು, ಇಲ್ಲಿ ಮೊದಲ ಕರ್ತೃವಿನ ಹೆಸರು ಮತ್ತು ಇಮೇಲ್. ಅದರ ಕೆಳಗೆ ‘ಕೊನೆಯ ಅನುವಾದಕ’ ಎಂಬ ಸಾಲು, ‘ಭಾಷಾ ತಂಡ’ ಎಂಬ ಸಾಲು. ಕೊನೆಯ ಅನುವಾದಕ ಎಂಬ ಜಾಗ ಒಬ್ಬರಿಗೆ ಮಾತ್ರ. ಸಾವಿರ ಸಾಲು ಮಾಡಿದವರ ನಂತರ ಇನ್ನೊಬ್ಬರು ಬಂದು ಮೂರು ಸಾಲು ತಿದ್ದಿದರೆ ಹಳಬರ ಹೆಸರು ಅಳಿಸಿ ಹೊಸಬರದು ಕೂರುತ್ತದೆ. ಹಳಬರು ಉಳಿಯುವುದು, ಮೊದಲ ಕರ್ತೃವಿನ ಸಾಲನ್ನು ಯಾರಾದರೂ ಶ್ರದ್ಧೆಯಿಂದ ತುಂಬಿದ್ದರೆ ಮಾತ್ರ. ತುಂಬದಿದ್ದರೆ ಅಲ್ಲಿ ಇಂಗ್ಲಿಷಿನ ಖಾಲಿ ನಮೂನೆಯೇ ಉಳಿದುಬಿಡುತ್ತದೆ.

ಇನ್ನೂ ಒಂದು ಚಿಕ್ಕ ಸಂಗತಿಯಿದೆ. ಲಿನಕ್ಸಿನಲ್ಲಿ ಬಳಸುವ ಗ್ನೋಮ್ ತಂತ್ರಾಂಶಗಳ ‘ಕುರಿತು’ ಎಂಬ ಕಿಟಕಿಯಲ್ಲಿ ಅನುವಾದಕರ ಹೆಸರು ತೋರಿಸಲು ಒಂದು ವಿಶೇಷ ಸಾಲನ್ನು ಇಟ್ಟಿದ್ದಾರೆ. ಅದನ್ನು ಅನುವಾದಿಸುವಂತಿಲ್ಲ, ಅದರ ಜಾಗದಲ್ಲಿ ಅನುವಾದಕರು ತಮ್ಮ ಹೆಸರು ಬರೆಯಬೇಕು. ಬರೆಯದಿದ್ದರೆ ಅನುವಾದಕರ ವಿಭಾಗವೇ ಕಾಣಿಸುವುದಿಲ್ಲ. ಇಂಗ್ಲಿಷಿನಲ್ಲಿ ಕೋಡ್ ಬರೆದವರ ಹೆಸರುಗಳು ಸಾಲಾಗಿ ಬರುವ ಕಿಟಕಿಯಲ್ಲಿ, ಕನ್ನಡ ಮಾಡಿಕೊಟ್ಟವರು ಸಂಕೋಚಪಟ್ಟು ಆ ಸಾಲನ್ನು ಹಾಗೇ ಬಿಟ್ಟರೆ, ಕನ್ನಡ ತಾನಾಗಿಯೇ ಬಂದಿತೇನೋ ಎನ್ನುವಂತಿರುತ್ತದೆ. ಹೆಸರು ಬರೆದುಕೊಳ್ಳುವುದನ್ನು ಜಂಭ ಎಂದುಕೊಳ್ಳುವ ಸಂಕೋಚ ನಮ್ಮಲ್ಲಿ ಜಾಸ್ತಿ. ಈ ಸಂಕೋಚವನ್ನು ಬಿಡಬೇಕು. ತಪ್ಪು ಸಿಕ್ಕಾಗ ಯಾರನ್ನು ಕೇಳಬೇಕು ಎಂದು ತಿಳಿಯುವುದಕ್ಕಾದರೂ ಹೆಸರು ಬೇಕು.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಈ ಸಂಕೋಚಕ್ಕೆ ಎರಡು ಸಾವಿರ ವರ್ಷಕ್ಕೂ ಹಳೆಯ ಉತ್ತರವೊಂದಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಮಾತು ಚಕ್ರವರ್ತಿಯದು. ಅದನ್ನು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳಿಸಿದವರು ಆರ್ಯಪುತ್ರ ಮತ್ತು ಅವನ ಅಧಿಕಾರಿಗಳು. ಇಷ್ಟೆಲ್ಲ ದೊಡ್ಡವರ ನಂತರ ಕಟ್ಟಕಡೆಗೆ, ಇದನ್ನು ಬರೆದವನು ಚಪಡ ಎಂದಿದೆ. ಇಡೀ ಶಾಸನ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರನೆಂದು ಹೇಳುವ ಒಂದೇ ಪದವನ್ನು ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಆದ್ದರಿಂದ ಅವನು ಆ ಕಡೆಯಿಂದ ಬಂದವನಿರಬೇಕು ಎಂದು ವಿದ್ವಾಂಸರು ಊಹಿಸಿದ್ದಾರೆ. ಆಜ್ಞೆ ಯಾರದು, ಕಳಿಸಿದವರು ಯಾರು, ಕೈ ಯಾರದು ಎಂಬ ಮೂರೂ ಒಂದೇ ಬಂಡೆಯ ಮೇಲೆ ಬೇರೆಬೇರೆಯಾಗಿ ಸಿಗುತ್ತವೆ. ಆ ಒಂದು ಪದ ಇಲ್ಲದಿದ್ದರೆ ಗಾಂಧಾರದ ಕಡೆಯ ಬರಹಗಾರನೊಬ್ಬ ಈ ನೆಲದವರೆಗೆ ಬಂದಿದ್ದನೆಂಬ ಸುಳಿವೇ ಇರುತ್ತಿರಲಿಲ್ಲ.

ಹಕ್ಕು ಮತ್ತು ಹೆಸರು ಬೇರೆ ಬೇರೆ ಎಂಬುದನ್ನು ನಮ್ಮ ಕಾನೂನೂ ಒಪ್ಪುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯ ಸಾಲಿಗೇ ಸೇರಿದೆ. ನೌಕರಿಯಲ್ಲಿದ್ದುಕೊಂಡು ಬರೆದ ಕೋಡಿನ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಕಲಂ ಪ್ರಕಾರ ಕಂಪನಿಯದು. ಆದರೆ 57ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಹಕ್ಕನ್ನು ಪೂರ್ತಿ ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿನ ಬಳಿಯೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತನ್ನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ ಸರ್ಕಾರದ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಬಲದಿಂದ. ಬೆಂಗಳೂರಿನ ಕಂಪನಿಗಳಲ್ಲಿ ಕೋಡ್ ಬರೆಯುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಇಂಥ ಕಲಮೊಂದು ಇದೆಯೆಂದು ಹೇಳುವವರು ಕಡಿಮೆ.

ಮುಕ್ತ ತಂತ್ರಾಂಶವೊಂದರಿಂದ ಹೆಸರು ಕಿತ್ತುಹಾಕಿದ ವಿಷಯ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿತ್ತು. ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸನ್ ಮತ್ತು ಗೆಳೆಯರು ಆಟಿಕೆ ರೈಲುಗಳನ್ನು ಕಂಪ್ಯೂಟರಿನಿಂದ ನಡೆಸುವ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಿದ್ದರು. ಮ್ಯಾಥ್ಯೂ ಕಾಟ್ಜರ್ ಎಂಬಾತನ ಕಂಪನಿ ಅದರ ಕಡತಗಳನ್ನು ತೆಗೆದುಕೊಂಡು, ಕರ್ತೃಗಳ ಹೆಸರು, ಹಕ್ಕುಸ್ವಾಮ್ಯದ ಸಾಲು, ಮೂಲ ಎಲ್ಲಿಯದೆಂಬ ಟಿಪ್ಪಣಿ, ಏನು ಬದಲಾಯಿತೆಂಬ ವಿವರ ಯಾವುದೂ ಇಲ್ಲದೆ ತನ್ನ ಉತ್ಪನ್ನದಲ್ಲಿ ಸೇರಿಸಿಕೊಂಡಿತು. ಉಚಿತವಾಗಿ ಕೊಟ್ಟದ್ದಕ್ಕೆ ನಷ್ಟವೇನು ಎಂಬ ವಾದ ಎದ್ದಿತು. 2008ರ ಆಗಸ್ಟ್ 13ರಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ದುಡ್ಡು ಕೇಳದವರಿಗೂ ಹೆಸರಿನಿಂದ ಸಿಗುವ ಬೆಲೆ ಇದೆ, ಆ ಷರತ್ತು ಮುರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಆಗಬಹುದು ಎಂಬುದು ಆ ತೀರ್ಪಿನ ತಿರುಳು. 2010ರಲ್ಲಿ ಕಾಟ್ಜರ್ 1 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಮುಕ್ತ ಲೈಸೆನ್ಸ್ ಅಂದರೆ ಹಂಗಿಲ್ಲದ ದಾನ ಎಂದುಕೊಂಡವರು ಓದಲೇಬೇಕಾದ ತೀರ್ಪು ಇದು.

ಬದಲಾಯಿಸಿದರೆ ಹೇಳಿ ಎಂಬ ನಿಯಮವೂ ಇಷ್ಟೇ ಮುಖ್ಯ. ಜಿಪಿಎಲ್ ಲೈಸೆನ್ಸಿನಡಿ ಬದಲಾಯಿಸಿ ಹಂಚುವವರು ತಾವು ಬದಲಾಯಿಸಿದ್ದನ್ನು ತಾರೀಖಿನ ಸಮೇತ ಎದ್ದು ಕಾಣುವಂತೆ ಬರೆಯಬೇಕು. ಫಾಂಟುಗಳ ಓಎಫ್‌ಎಲ್ ಲೈಸೆನ್ಸಿನಲ್ಲಿ ಕರ್ತೃ ಒಂದು ಹೆಸರನ್ನು ಕಾಯ್ದಿರಿಸಬಹುದು. ಅಕ್ಷರ ತಿದ್ದಿದವರು ಆ ಹೆಸರಿನಲ್ಲಿ ಹಂಚುವಂತಿಲ್ಲ, ತಮ್ಮದೇ ಹೆಸರಿಡಬೇಕು. ಇದನ್ನು ಕನ್ನಡಿಗರಿಗೆ ವಿವರಿಸಲು ವಚನಗಳ ಅಂಕಿತವೇ ಸಾಕು. ವಚನಕಾರರು ತಮ್ಮ ಹೆಸರು ಬರೆಯಲಿಲ್ಲ, ಇಷ್ಟದೈವದ ಹೆಸರನ್ನು ಕೊನೆಯಲ್ಲಿ ಇಟ್ಟರು. ಎಂಟು ಶತಮಾನದ ನಂತರವೂ ಯಾವ ವಚನ ಯಾರದು ಎಂದು ವಿಂಗಡಿಸಲು ಅದೇ ಮೊದಲ ಆಧಾರ. ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ ಹುಟ್ಟಿದ ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ಸಂಕಲನವೊಂದರಲ್ಲಿ ‘ಕೂಡಲಸಂಗಮದೇವ’ ಅಂಕಿತದ ಜಾಗದಲ್ಲಿ ‘ಲಿಂಗದೇವ’ ಎಂದಿಟ್ಟಾಗ ನಾಡಿನಲ್ಲಿ ಎದ್ದ ಬಿರುಗಾಳಿ ಹಿರಿಯರಿಗೆ ನೆನಪಿದೆ. 1998ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರು ಕದ್ದುಮುಚ್ಚಿ ಮಾಡಲಿಲ್ಲ, ಕಾರಣ ಹೇಳಿಯೇ ಮಾಡಿದರು. ಪುಸ್ತಕ ನಿಷೇಧ ಸರಿಯೇ ಎಂಬುದು ಬೇರೆ ಚರ್ಚೆ, ಧರ್ಮದ ವಾದವೂ ಬೇರೆ. ಆದರೆ ಕರ್ತೃವಿನ ಗುರುತನ್ನೇ ಬದಲಾಯಿಸಿ, ಕೃತಿ ಅದೇ ಕರ್ತೃವಿನದು ಎನ್ನುವುದು ಮುಂದಿನ ಓದುಗರ ದಾರಿ ತಪ್ಪಿಸುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಮಂದಿರದಲ್ಲಿ ವಚನಗಳನ್ನು ಕೇಳುತ್ತ ಬೆಳೆದ ಮಕ್ಕಳಿಗೆ ಓಎಫ್‌ಎಲ್ ನಿಯಮವನ್ನು ಕಲಿಸಲು ಬೇರೆ ಪಾಠ ಬೇಕಿಲ್ಲ.

ಹೆಸರಿಗೆ ಇನ್ನೊಂದು ಮುಖವಿದೆ: ಹೊಣೆ. 2003ರಲ್ಲಿ ಎಸ್‌ಸಿಒ ಕಂಪನಿ, ಲಿನಕ್ಸಿನೊಳಗೆ ತನ್ನ ಕೋಡ್ ನುಸುಳಿದೆ ಎಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು ಎಂದು ತೋರಿಸಬೇಕಾದ ಕಷ್ಟ ಆಗ ಅರಿವಾಯಿತು. ಮರುವರ್ಷವೇ ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ ಒಂದು ಸರಳ ಪದ್ಧತಿ ತಂದರು. ಪ್ರತಿ ಪ್ಯಾಚಿನ ಕೊನೆಗೆ ‘ಸೈನ್ಡ್ ಆಫ್ ಬೈ’ ಎಂದು ಹೆಸರು ಮತ್ತು ಇಮೇಲ್. ಇದನ್ನು ಕೊಡಲು ನನಗೆ ಹಕ್ಕಿದೆ ಎಂಬ ಘೋಷಣೆ. ಹಕ್ಕು ಬರೆದುಕೊಡಬೇಕಿಲ್ಲ, ವಕೀಲರು ಬೇಕಿಲ್ಲ. ನನ್ನ ಮಟ್ಟಿಗೆ ಇದುವರೆಗೆ ಬಂದ ಪದ್ಧತಿಗಳಲ್ಲಿ ಅತ್ಯುತ್ತಮವಾದದ್ದು ಇದು. ಈಗ ಕೃತಕ ಬುದ್ಧಿಮತ್ತೆ ಸಾವಿರಾರು ಜನರ ಮುಕ್ತ ಕೋಡನ್ನು ಓದಿ ಹೆಸರಿಲ್ಲದೆ ಮರಳಿ ಕೊಡುತ್ತಿದೆ ಎಂಬ ದೂರು 2022ರ ನವೆಂಬರಿನಲ್ಲಿ ಕೋಡ್ ಸಂಗ್ರಹಗಳ ತಾಣ ಗಿಟ್‌ಹಬ್ ವಿರುದ್ಧ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಹೆಸರು ಬರೆಯುವ ಪದ್ಧತಿಗೆ ಮುಂದಿನ ಪರೀಕ್ಷೆ ಅಲ್ಲೇ ಇದೆ.

ಈ ಮಾತುಗಳು ಅಮೆರಿಕದವೆಂದು ದೂರ ಇಡಬೇಡಿ. ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಚಿತ್ರದುರ್ಗದ ಕೋಟೆಯ, ಹಿರಿಯೂರಿನ ವಾಣಿವಿಲಾಸ ಸಾಗರದ ಫೋಟೊಗಳಿವೆ. ಹೆಚ್ಚಿನವಕ್ಕೆ ಛಾಯಾಗ್ರಾಹಕರ ಹೆಸರು ಹಾಕಿ ಬಳಸಿ ಎಂಬುದೇ ಮುಖ್ಯ ಷರತ್ತು. ಪ್ರವಾಸದ ಕರಪತ್ರ ಮಾಡುವವರು, ಜಾತ್ರೆಯ ಬ್ಯಾನರ್ ಮಾಡುವವರು ಆ ಸಣ್ಣ ಅಕ್ಷರದ ಸಾಲನ್ನು ಸೇರಿಸಿದರೆ ಖರ್ಚೇನೂ ಬರುವುದಿಲ್ಲ.

ಮುಖ್ಯವಾಗಿ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗಳಲ್ಲಿ ಎಲ್ಲಿಂದಲೋ ತಂದ ಕೋಡಿನ ತಲೆಬರಹ ಅಳಿಸಿ ಸಲ್ಲಿಸುವ ರೂಢಿ ಎಲ್ಲ ಕಡೆಯೂ ಇದೆ. ಕೋಡ್ ತಂದದ್ದು ತಪ್ಪಲ್ಲ, ಮುಕ್ತ ತಂತ್ರಾಂಶ ಇರುವುದೇ ತರಲಿಕ್ಕೆ. ಅಳಿಸಿದ್ದು ತಪ್ಪು. ವರದಿಗೆ ಅಂಕ ಹಾಕುವ ಮೊದಲು ಮೂರು ಸಂಗತಿ ಕೇಳಿ: ಲೈಸೆನ್ಸ್ ಕಡತ ಎಲ್ಲಿ, ಯಾರಿಂದ ಏನು ಪಡೆದಿರಿ, ತಂಡದ ನಾಲ್ವರಲ್ಲಿ ಯಾರು ಏನು ಬರೆದಿರಿ. ನಾಲ್ಕು ಹೆಸರುಗಳ ಒಂದು ಕಡತವನ್ನು ಪ್ರಾಜೆಕ್ಟಿನ ಜತೆ ಕಡ್ಡಾಯ ಮಾಡಿ. ಹೆಸರು ಬರೆಯಲು ಹಿಂಜರಿಯುವ ಹಳ್ಳಿಯ ಹುಡುಗಿಯ ಹೆಸರೂ ಅದರಲ್ಲಿ ಇದೆಯೇ ಎಂದು ನೀವೇ ನೋಡಿ.